ಅಗಸಿ ಬಯಲಿನ ಫುಗಡಿ

ಮಸೂತಿ
೧೨ ಡಿಸೆಂಬರ್ ೨೦೨೪

ಪ್ರೀತಿಯ ಮಗಳು ಪ್ರಿಯದರ್ಶಿನಿಗೆ ಅವ್ವನ ಆಶೀರ್ವಾದ.

ಮೈಸೂರಿನ ಚಳಿಯಲ್ಲಿ ಬೆಳಗಾಗುವ ಮೊದಲೇ ಎದ್ದು ಬರಿಗಾಲಲ್ಲಿ ಕುಣಿಯುತ್ತೀ ಎಂದು ಕೇಳಿದೆ. ಅಂಗಾಲಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಬಿಡಬೇಡ. ನಾನು ಗಟ್ಟಿಯಾಗಿದ್ದೇನೆ. ರೊಟ್ಟಿ ಸೇರುತ್ತದೆ, ನಿದ್ದೆ ಮಾತ್ರ ತನಗೆ ತಿಳಿದಾಗ ಬಂದು ಹೋಗುತ್ತದೆ. ಗುರಣ್ಣ ಮಾವ ದಿನಾ ನಿನ್ನ ಹೆಸರು ತೆಗೆಯುತ್ತಾನೆ. ಯಾವ ದನಿಯಲ್ಲಿ ತೆಗೆಯುತ್ತಾನೆ ಎಂದು ಮುಂದೆ ಹೇಳುತ್ತೇನೆ.

ನಿನ್ನ ಮಾತಿಗೆ ಉತ್ತರ ಕೊಡದೆ ದೀಪಾವಳಿ ದಾಟಿಸಿದೆ, ಸಿಟ್ಟಾಗಬೇಡ. ಬರುವ ಪಂಚಮಿಗೆ ನಿಮ್ಮ ತಂಡ ಮತ್ತೆ ಬರುತ್ತದೆ, ಈ ಸಲ ನಮ್ಮ ಪೇಟೆಯಲ್ಲಷ್ಟೇ ಅಲ್ಲ, ಇಂಡಿ, ಸಿಂದಗಿ, ಮುದ್ದೇಬಿಹಾಳದ ಬಜಾರುಗಳಲ್ಲೂ ಕುಣಿಯುವುದಿದೆ, ನಾನೇ ಮುಂದೆ ನಿಂತು ಹೆಂಗಸರನ್ನು ಕೂಡಿಸಿಕೊಡಬೇಕು ಎಂದು ಕೇಳಿದ್ದೀ. ಫೋನಿನಲ್ಲಿ ಹೇಳೋಣವೆಂದು ಬಾಯಿ ತೆರೆದಾಗಲೆಲ್ಲ "ಅವ್ವಾ, ಮಂದಿ ಕಾಯಾಕತ್ತಾರ, ಆಮ್ಯಾಲ ಮಾಡ್ತೇನಿ" ಎನ್ನುತ್ತೀ. ಕಾಗದಕ್ಕೆ ಆ ಅವಸರವಿಲ್ಲ. ನೀನು ಅರ್ಧಕ್ಕೆ ಮಡಚಿಟ್ಟರೂ ಅದು ಹೇಳುವುದನ್ನು ಹಿಡಿದುಕೊಂಡು ಕೂತಿರುತ್ತದೆ.

ನಾನು ಮಸೂತಿಗೆ ಬಂದಿದ್ದೇನೆ ಎಂದಾಗ "ಚಲೋ ಆತವ್ವಾ, ತವರಮನ್ಯಾಗ ನಾಕ ದಿನ ಆರಾಮ ಇರು" ಎಂದೆಯಲ್ಲ, ನಾನು ಆರಾಮಿಗೆ ಬಂದಿಲ್ಲ. ತೊಗರಿ ಕೊಯ್ಯುವ ಕೂಲಿಗೆ ಬಂದಿದ್ದೇನೆ. ಅಣ್ಣನ ಹೊಲವಾದರೇನು, ಕುಡುಗೋಲು ಹಿಡಿದ ಮೇಲೆ ಕೂಲಿಯೇ. ಗುರಣ್ಣ ಬದುವಿನ ಮೇಲೆ ನಿಂತು ಎಲ್ಲರಿಗೂ ಕೇಳುವಂತೆ ಹೇಳುತ್ತಾನೆ: "ಮದಲ ಮಗಳು ಕುಣಸಿದ್ಲು, ಈಗ ಸರಕಾರ ಕುಣಸಾಕತ್ತೈತಿ. ನಮ್ಮ ತಂಗಿ ಕಾಲಿಗೆ ಗೆಜ್ಜಿ ಒಂದ ಕಮ್ಮಿ ನೋಡ್ರಿ!" ಆಳುಗಳು ನಗುತ್ತಾರೆ. ನಾನೂ ನಗುತ್ತೇನೆ. ನಗದಿದ್ದರೆ ಅವನು ಅದನ್ನೇ ಮರುದಿನವೂ ಹೇಳುತ್ತಾನೆ.

ಅಗಸಿ ಬಯಲಿಗೆ, ಊರ ಬಾಗಿಲ ಮುಂದಿನ ನಮ್ಮ ಬಜಾರಿಗೆ, ಬೇಲಿ ಬಿದ್ದಿದೆ, ಮಗಳೇ. ಇದು ನಿನಗೆ ಇನ್ನೂ ಗೊತ್ತಿಲ್ಲ ಎಂದೇ ಇಟ್ಟುಕೊಳ್ಳುತ್ತೇನೆ.

ನನಗೆ ಕಥೆಯನ್ನು ಮೊದಲಿನಿಂದ ಹೇಳಿಯೇ ರೂಢಿ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ನಿಂಬೆಹಣ್ಣಿನ ರಾಶಿ ಮುಂದಿಟ್ಟುಕೊಂಡು ನಾನು ಹೇಳುತ್ತಿದ್ದ ಕಥೆಗಳನ್ನು ನೀನು ಕೇಳಿ ಬೆಳೆದವಳು. ಇದರಲ್ಲಿ ನಿನಗೆ ಗೊತ್ತಿರುವುದೂ ಬರುತ್ತದೆ. ಗೊತ್ತಿದ್ದದ್ದನ್ನು ಇನ್ನೊಮ್ಮೆ ಕೇಳಿಸಿಕೊಂಡರೆ ನಷ್ಟವೇನಿಲ್ಲ. ನೀವು ಅಲ್ಲಿ ಯಾವುದನ್ನು ಮರೆತು ಯಾವುದನ್ನು ನೆನಪಿಟ್ಟುಕೊಳ್ಳುತ್ತೀರೋ ನನಗೆ ತಿಳಿಯದು.

ನಮ್ಮ ಬಯಲಿನಲ್ಲಿ ಬುಟ್ಟಿ ಇಟ್ಟು ಕೂಡುವ ಪ್ರತಿ ಹೆಂಗಸಿಗೂ ಜಾಗದ ಗುರುತಿಗೆ ಒಂದು ಕಲ್ಲು. ತೆಂಗಿನಕಾಯಿಯಷ್ಟು ದಪ್ಪದ್ದು, ಸುಣ್ಣ ಬಳಿದದ್ದು. ಅತ್ತೆ ಕೂಡುವುದು ಬಿಟ್ಟ ದಿನ ಸೊಸೆಯ ಕೈಯಲ್ಲಿ ಅದಕ್ಕೆ ಅರಿಷಿಣ ಹಚ್ಚಿಸುತ್ತಾಳೆ, ಅಲ್ಲಿಗೆ ಜಾಗ ಸೊಸೆಯದು. ಬಾಣಂತನಕ್ಕೆ ಹೋಗಲಿ, ಜ್ವರ ಬಂದು ಮಲಗಲಿ, ಕಲ್ಲು ಅಲ್ಲಿದ್ದರೆ ಹೆಂಗಸು ಅಲ್ಲಿದ್ದಂತೆ. ನಿಮ್ಮಪ್ಪ ತೀರಿಕೊಂಡಾಗ ನಾನು ತಿಂಗಳುಗಟ್ಟಲೆ ಬಜಾರಿನ ಮುಖ ನೋಡಲಿಲ್ಲ. ತಿರುಗಿ ಬಂದಾಗ ಆಚೆ ಈಚೆಯವರ ಬುಟ್ಟಿ ಒಂದು ಗೇಣೂ ನನ್ನ ಕಡೆ ಸರಿದಿರಲಿಲ್ಲ. ಕಲ್ಲು ಎತ್ತುವುದು ಒಂದೇ ಸಲ. ಮುಂದೆ ಕೂಡುವವರು ಯಾರೂ ಇಲ್ಲದೆ ಒಬ್ಬಾಕೆ ಸತ್ತರೆ ಉಳಿದವರೆಲ್ಲ ಸೇರಿ ಅವಳ ಕಲ್ಲನ್ನು ಎತ್ತಿ ಅಗಸಿ ಗೋಡೆಯ ಬದಿಯ ಬೇವಿನ ಗಿಡದ ಬುಡದಲ್ಲಿ ಇಡುತ್ತೇವೆ. ಎತ್ತಿದರೆ ಬಿಟ್ಟಂತೆ. ಇದನ್ನು ಯಾರೂ ಎಲ್ಲೂ ಬರೆದಿಲ್ಲ. ನಮ್ಮ ನಮ್ಮಲ್ಲಿ ಬರೆದಿಡುವ ಅಗತ್ಯ ಎಂದೂ ಬಿದ್ದಿರಲಿಲ್ಲ.

ಅಲ್ಲಿಗೆ ನೀನು ಬಂದೆ. ಮುಂಗಾರು ಹಿಡಿದಿತ್ತು. ನಿನ್ನ ಜತೆ ಮೈಸೂರಿನ ಹುಡುಗ ಹುಡುಗಿಯರು. ರಂಗಮಂದಿರ ಬೇಡ, ದೀಪ ಬೇಡ, ಪರದೆ ಬೇಡ, ಬಜಾರಿನ ನೆಲದ ಮೇಲೆಯೇ ಕುಣಿಯುತ್ತೇವೆ, ಬಜಾರಿನವರೇ ಕುಣಿಯಬೇಕು ಎಂದೆ. ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕಿದ್ದು ನೆನಪಿದೆಯೇ? ಮೊದಲ ದಿನವೇ ನಿಮ್ಮ ಹುಡುಗಿಯೊಬ್ಬಳು ಬಯಲ ನಡುವೆ ಅಂಗಾತ ಬಿದ್ದು ಕೈಕಾಲು ನಡುಗಿಸತೊಡಗಿದಳು. ಅದು ನೆಲದ ಮಾತು ಕೇಳುವ ಅಭ್ಯಾಸವಂತೆ. ನಮಗೇನು ಗೊತ್ತು? ಫಿಟ್ಸ್ ಬಂತೆಂದು ಬಳೆ ಮಾರುವ ಶಮಾ ತನ್ನ ಪೆಟ್ಟಿಗೆಯ ಕೀಲಿ ತಂದು ಅವಳ ಮುಷ್ಟಿಯಲ್ಲಿ ತುರುಕಿದಳು, ಸೊಪ್ಪು, ಉಳ್ಳಾಗಡ್ಡಿ ಮಾರುವ ರೇವವ್ವ ಒಂದು ಗಡ್ಡೆ ಜಜ್ಜಿ ಮೂಗಿಗೆ ಹಿಡಿದಳು. ಹುಡುಗಿ ಸೀನಿ ಎದ್ದು ಕೂತಾಗ ರೇವವ್ವ ಸುತ್ತ ನೋಡಿ, "ನೋಡ್ರಿ, ಸತ್ತಾಕಿ ಎದ್ಲು! ಇನ್ನ ನನ್ನ ಉಳ್ಳಾಗಡ್ಡಿಗೆ ರೇಟ ಏರಸ್ತೇನಿ" ಎಂದಳು. ಅವತ್ತಿಂದ ಹೆಂಗಸರಿಗೆ ನಿಮ್ಮ ಭಯ ಹೋಯಿತು.

ನೀನು ಕಲಿಸಿದ್ದು ಚೆನ್ನಾಗಿತ್ತು, ಅದನ್ನು ಇಲ್ಲ ಎನ್ನುವುದಿಲ್ಲ. ಹೊಸ ಹೆಜ್ಜೆ ಹೇಳಿಕೊಡಲಿಲ್ಲ, ನಮ್ಮ ಕೈಗಳನ್ನೇ ನಮಗೆ ತೋರಿಸಿದೆ. ಮೆಂತ್ಯದ ಸೊಪ್ಪಿಗೆ ನೀರು ಚಿಮುಕಿಸುವ ರೇವವ್ವನ ಬೆರಳು, ಗಿರಾಕಿಯ ಮುಂಗೈ ಒತ್ತಿ ಬಳೆ ಏರಿಸುವ ಶಮಾಳ ಹಿಡಿತ, ಕೆಟ್ಟ ನಿಂಬೆಯನ್ನು ನೋಡದೆಯೇ ಹೆಗಲ ಹಿಂದೆ ಎಸೆಯುವ ನನ್ನ ಕೈ. "ಸೊಪ್ಪು ಇಲ್ಲದ ಸೊಪ್ಪಿಗೆ ನೀರ ಹೊಡಿ ಅಂತಾಳಲ್ಲ ನಿನ್ನ ಮಗಳು, ಬಾಡೂದಿಲ್ಲ ಬಿಡು" ಎಂದು ರೇವವ್ವ ನನಗೆ ಚುಚ್ಚುತ್ತಿದ್ದಳು. ಆದರೆ ದಿನಾ ಎಲ್ಲರಿಗಿಂತ ಮೊದಲು ಅವಳೇ ನಿಂತಿರುತ್ತಿದ್ದಳು. ಒಂದು ದಿನ ನೀನು ಅವಳಿಗೆ, "ಆಯಿ, ಈ ಕುಣಿತ ಈ ನೆಲದ್ದು. ಇದನ್ನ ಒಯ್ದು ಬ್ಯಾರೆ ಕಡೆ ಮಾಡಾಕ ಬರೂದಿಲ್ಲ" ಎಂದಿದ್ದೆ. ಅವಳು ತಟ್ಟನೆ, "ನಮ್ಮ ಯಾಪಾರನೂ ಹಂಗ ಐತೆವ್ವಾ" ಎಂದಳು. ನೀನು ನಕ್ಕೆ. ಅವಳು ನಗಿಸಲು ಹೇಳಿರಲಿಲ್ಲ.

ಕೊನೆಗೆ ಫುಗಡಿ ಇರಬೇಕೆಂದು ಹೆಂಗಸರೇ ಹಟ ಹಿಡಿದರು. ಪಂಚಮಿಯಲ್ಲವೇ? ತವರಿನಲ್ಲಿ ಆಡಬೇಕಾದದ್ದನ್ನು ಬಜಾರಿನಲ್ಲಿ ಆಡುತ್ತೇವೆ ಎಂದರು. ಇಬ್ಬಿಬ್ಬರು ಎದುರುಬದುರು ಕೈ ಕತ್ತರಿ ಹಿಡಿದು, ಹಿಂದಕ್ಕೆ ಬಾಗಿ ಗರಗರ ತಿರುಗಬೇಕು. ಒಮ್ಮೆ ವೇಗ ಹತ್ತಿದರೆ ಯಾರ ಕಣ್ಣಿಗೂ ನೆಲ ಕಾಣುವುದಿಲ್ಲ. ಅಭ್ಯಾಸದಲ್ಲೇ ಶಮಾಳ ಕಾಲು ಕಲ್ಲಿಗೆ ಬಡಿದು ಹೆಬ್ಬೆರಳಿನ ಉಗುರು ಎದ್ದಿತು. ಆಗ ನೀನು ಕಲ್ಲುಗಳ ಮಾತು ತೆಗೆದೆ.

"ಒಂದ ದಿನದ ಮಟ್ಟಿಗೆ ಸರಸೋಣವಾ," ಎಂದೆ. "ಎಲ್ಲಾರ ಜಾಗಾ ಎಲ್ಲಾರಿಗೂ ಗೊತ್ತೈತಲ್ಲ."

ನಿಜವಾಗಿ ಗೊತ್ತಿತ್ತು. ಕಣ್ಣು ಕಟ್ಟಿ ಬಿಟ್ಟರೂ ನಾವು ನಮ್ಮ ನಮ್ಮ ಜಾಗದಲ್ಲಿ ಹೋಗಿ ಕೂಡುತ್ತಿದ್ದೆವು. ಆದರೂ ಒಬ್ಬರೂ ಹೂಂ ಎನ್ನಲಿಲ್ಲ. ರೇವವ್ವ ತನ್ನ ಕಲ್ಲಿನ ಮೇಲೆಯೇ ಹತ್ತಿ ಕೂತುಬಿಟ್ಟಳು. "ನಿನ್ನ ಮಗಳು ಕುಣ್ಯಾಕ ನನ್ನ ಕಲ್ಲ ಯಾಕ ಏಳಬೇಕ ಶೇವಂತೀ? ನಾ ಇನ್ನಾ ಸತ್ತಿಲ್ಲ."

ನೀನು ನನ್ನ ಮುಖ ನೋಡಿದೆ. ನಾನು ಅವಳ ಪಕ್ಕ ಕೂತು ಒಂದು ಕಥೆ ಹೇಳಿದೆ. ಅಲ್ಲೇ ಹುಟ್ಟಿದ ಕಥೆ. "ಒಂದ ಊರಾಗ ಒಬ್ಬಾಕಿ ದೇವಿ ಇದ್ಲಂತ. ಕಲ್ಲಾಗ ಕುಂತ ಕುಂತ ಅಕಿ ಸೊಂಟ ಹಿಡದಿತ್ತಂತ. ಪಂಚಮಿ ದಿನ ಹುಡಿಗ್ಯಾರು ಗುಡಿ ಮುಂದ ಫುಗಡಿ ಆಡಾಕತ್ರ ಅಕೀಗೆ ತಡಕೊಳ್ಳಾಕ ಆಗವಲ್ದು. ಕಲ್ಲು ಬಿಟ್ಟು ಹೊರಗ ಬಂದ್ಲು, ಪರಕಾರ ಉಟ್ಟ ಹುಡುಗಿ ಆದ್ಲು, ಎಲ್ಲಾರ ಕೂಡ ಹೊತ್ತ ಮುಣುಗೂತನಾ ಆಡಿದ್ಲು. ತಿರುಗಿ ಒಳಗ ಬಂದ್ರ ಕಲ್ಲು ಹಂಗ ಕುಂತಿತ್ತಂತ. 'ಬಾ ಯವ್ವಾ, ನಿನ್ನ ಜಾಗಾ ಬೆಚ್ಚಗ ಇಟ್ಟೇನಿ' ಅಂತಂತ."

ರೇವವ್ವ ಕಲ್ಲಿನ ಸುಣ್ಣವನ್ನು ಬೆರಳಿನಿಂದ ಸವರಿದಳು. ಆಮೇಲೆ, "ಕಥಿ ಹೇಳಿ ಹಾವಿನ ಹಲ್ಲ ಕೀಳಾಕಿ ನೀ" ಎಂದು ಬೈದು, ಸೊಂಟ ಹಿಡಿದುಕೊಂಡು ಎದ್ದಳು. "ನಿನ್ನ ಕಥಿ ಸಂಬಂಧ ಅಲ್ಲ. ಹುಡುಗಿ ಸಂಬಂಧ. ಇಕಿನ್ನ ಆ ಬೇವಿನ ಗಿಡಕ್ಕ ಕಟ್ಟಿದ ಜೋಳಿಗ್ಯಾಗ ತೂಗಿದಾಕಿ ನಾ." ತನ್ನ ಕಲ್ಲನ್ನು ತಾನೇ ಎತ್ತಿ, ಕೂಸನ್ನು ಎತ್ತಿಕೊಂಡಂತೆ ಎದೆಗೆ ಹಿಡಿದು ಒಯ್ದು ಗಿಡದ ಬುಡದಲ್ಲಿ ಇಟ್ಟಳು. ಅವಳು ಇಟ್ಟ ಮೇಲೆ ಉಳಿದವರೂ ಒಬ್ಬೊಬ್ಬರಾಗಿ ಇಟ್ಟರು. ನೆಲದಲ್ಲಿ ಕಲ್ಲು ಕೂತಿದ್ದ ಗುಂಡಿಗಳು ಉಳಿದವು. ನಿಮ್ಮ ಹುಡುಗರು ಮಣ್ಣು ತಂದು ತುಂಬಿ, ತುಳಿದು, ಸಗಣಿ ಸಾರಿಸಿ ನೆಲವನ್ನು ಹಪ್ಪಳದ ಹಾಗೆ ಮಾಡಿದರು.

ಪಂಚಮಿಯ ಹಿಂದಿನ ದಿನ ಸಂಜೆ ಕುಣಿತ. ಆ ಸಂಜೆಯ ಬಗ್ಗೆ ಕಹಿ ಮಾತು ನನ್ನ ಬಾಯಿಂದ ಬರುವುದಿಲ್ಲ. ಬಸ್ಸಿನವರು ಬಸ್ಸು ನಿಲ್ಲಿಸಿಕೊಂಡು ನೋಡಿದರು. ಚಹಾದ ಯಾಕೂಬಸಾಬ ಒಲೆ ಆರಿಸಿ ಬಂದು ನಿಂತ. ಶಮಾ ಯಾರೂ ಇಲ್ಲದ ಕೈಗೆ ಬಳೆ ತೊಡಿಸುತ್ತ ಬಯಲು ಸುತ್ತಿದಾಗ, ತಮ್ಮ ಕೈ ತಾವೇ ಮುಂದೆ ಚಾಚಿದ ಹೆಂಗಸರನ್ನು ನಾನು ಕಣ್ಣಾರೆ ನೋಡಿದೆ. ರೇವವ್ವನೂ ನಾನೂ ಕೈ ಹಿಡಿದು ತಿರುಗಿದೆವು. ಎಷ್ಟು ತಿರುಗಿದೆವೆಂದರೆ ಅಗಸಿ, ಬೇವಿನ ಗಿಡ, ಮಂದಿಯ ಮುಖ ಎಲ್ಲ ಒಂದೇ ಗೆರೆಯಾಯಿತು. "ಕೈ ಬಿಟ್ಟೀ ಮತ್ತ!" ಎಂದು ಅವಳು ಕೂಗುತ್ತಿದ್ದಳು. ಮೇಲೆ ಆಕಾಶದಲ್ಲಿ ನಿಮ್ಮ ಕ್ಯಾಮೆರಾ ಜೇನುಹುಳದಂತೆ ಗುಂಯ್ ಎನ್ನುತ್ತಿತ್ತು.

ಮರುದಿನ ಪಂಚಮಿ. ನಿನಗಾಗಿ ತವರು ತಡ ಮಾಡಿದ್ದ ಹೆಂಗಸರು ಬೆಳಗಿನ ಮೊದಲ ಬಸ್ಸಿಗೆ ಹೋಗಿಬಿಟ್ಟರು. ತಂಗಡಗಿಯವರು ತಂಗಡಗಿಗೆ, ಹಲಸಂಗಿಯವರು ಹಲಸಂಗಿಗೆ. ನಾನು ಇಲ್ಲಿ ಮಸೂತಿಗೆ ಬಂದೆ. ಬಂದ ಮೇಲೆ ಕಲ್ಲು ಇಟ್ಟುಕೊಂಡರಾಯಿತು, ಎಲ್ಲಿಗೆ ಹೋಗುತ್ತವೆ ಎಂದು ಪ್ರತಿಯೊಬ್ಬಳೂ ಅಂದುಕೊಂಡಳು. ಶಮಾಳಿಗೆ ಪಂಚಮಿಯ ತವರಿಲ್ಲ. ಅವಳು ಅವತ್ತೇ ಬಂದು ತನ್ನ ಕಲ್ಲಿಗೆ ಕೈ ಹಾಕಿದಳಂತೆ. ನಿಮ್ಮ ತಂಡದ ಹುಡುಗ ಓಡಿಬಂದು, "ಅಕ್ಕಾ, ಇನ್ನೊಂದು ಶೂಟಿಂಗ್ ಇದೆ, ಬಯಲು ಪೂರ್ತಿ ಖಾಲಿ ಬೇಕು, ನಾಳೆ ಇಟ್ಕೊಳ್ಳಿ" ಎಂದನಂತೆ. ಶಮಾ ಪಾಪ, ಇಟ್ಟುಕೊಳ್ಳಲಿಲ್ಲ. ಮರುದಿನ ಮಳೆ ಹಿಡಿಯಿತು. ನೀವು ಗಂಟು ಕಟ್ಟಿ ಮೈಸೂರಿಗೆ ಹೊರಟಿರಿ.

ಆ ಮಳೆ ಎರಡು ವಾರ ಬಜಾರು ಕೂಡಲು ಬಿಡಲಿಲ್ಲ. ಅದು ನಿಂತು ನಾನು ತವರಿನಿಂದ ತಿರುಗಿ ಬಂದ ದಿನ ಬಯಲಿಗೆ ಕಬ್ಬಿಣದ ಕಂಬ ಬಿದ್ದಿದ್ದವು. ನಮ್ಮ ಓಣಿಯ ಸೋಮನಿಂಗನೇ ಗುಂಡಿ ತೋಡುತ್ತಿದ್ದ. ನನ್ನನ್ನು ನೋಡಿ ಹಾರೆ ಕೆಳಗಿಟ್ಟ.

"ಏನೋ ಇದು ಸೋಮನಿಂಗ?"

"ನಂಗೇನ ಕೇಳ್ತಿ ಚಿಗವ್ವಾ. ಪುರಸಭಾ ಸಾಹೇಬ್ರು ವಿಡಿಯೋ ನೋಡ್ಯಾರಂತ. ಊರ ನಡುಕ ಇಷ್ಟ ಚಂದನ ಬಯಲ ಖಾಲಿ ಬಿದ್ದೈತಿ, ಇದನ್ನ ಕಲಾ ಅಂಗಳ ಮಾಡೋಣು ಅಂದ್ರಂತ. ಕುಣ್ಯಾಕ ಹಾಡಾಕ ಅಷ್ಟ. ಬುಟ್ಟಿ ಇಡೂಹಂಗಿಲ್ಲ."

"ಕಲ್ಲು ಎಲ್ಲಿ ಅದಾವೋ?"

ಅವನು ಹಾರೆ ಮತ್ತೆ ಎತ್ತಿಕೊಂಡ. ಅದರ ತುದಿಯಿಂದ ಗುಂಡಿಯ ಒಳಗೆ ತೋರಿಸಿದ. ಕಂಬ ಅಲುಗದಂತೆ ಸುತ್ತ ಜಡಿಯಲು ಕಲ್ಲು ಬೇಕಾಗಿತ್ತು. ಗಿಡದ ಬುಡದಲ್ಲಿ ರಾಶಿ ಸಿಕ್ಕಿತ್ತು. ಮಣ್ಣಿನ ನಡುವೆ ಒಂದು ಕಲ್ಲಿನ ಸುಣ್ಣ ಕಾಣುತ್ತಿತ್ತು, ಯಾರದೋ ಗೊತ್ತಾಗಲಿಲ್ಲ. ಒಡೆದಿತ್ತು. "ಗೊತ್ತಿರಲಿಲ್ಲ ಚಿಗವ್ವಾ, ಸತ್ತವರವು ಅಂತ ಮಾಡಿದ್ನಿ" ಎಂದ. ಅವನ ತಪ್ಪಿಲ್ಲ. ಆ ಗಿಡದ ಬುಡದಲ್ಲಿ ನಾವು ಸತ್ತವರ ಕಲ್ಲನ್ನಷ್ಟೇ ಇಡುವುದು ಎಂದು ಊರಿಗೆಲ್ಲ ಗೊತ್ತು. ಜೀವಂತ ಇರುವವರು ತಮ್ಮ ಕೈಯಾರೆ ಒಯ್ದು ಇಡುತ್ತಾರೆಂದು ಅವನು ಹೇಗೆ ತಿಳಿಯಬೇಕು?

ನಾವೆಲ್ಲ ಕೂಡಿ ಕಚೇರಿಗೆ ಹೋದೆವು. ಸಾಹೇಬರು ಒಳ್ಳೆಯವರು, ಬೈಯಲಿಲ್ಲ, ಕುರ್ಚಿ ಹಾಕಿಸಿದರು, ನೀರು ಕೊಡಿಸಿದರು. ಬೈದಿದ್ದರೆ ನಾವೂ ಬೈದು ಬರುತ್ತಿದ್ದೆವು.

"ನೀವ ಅಲ್ಲಿ ಕೂಡ್ತಿದ್ರಿ ಅಂಬೂದಕ್ಕ ಗುರ್ತ ಏನೈತ್ರಿ?" ಎಂದರು.

"ಕಲ್ಲ ಅದಾವ್ರಿ ಸಾಹೇಬ್ರ" ಎಂದಳು ರೇವವ್ವ.

"ಎಲ್ಲಿ ಅದಾವ ಹೇಳ್ರಿ ಆಯಿ." ಅವರು ಮೇಜಿನ ಮೇಲಿನ ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದರು. ಮೇಲಿಂದ ತೆಗೆದ ಚಿತ್ರ. ಬೆಳಗಿನ ಬಿಸಿಲು, ಸಾರಿಸಿದ ನೆಲ, ಒಂದು ನರಪಿಳ್ಳೆಯಿಲ್ಲ. ನಾವು ಹುಟ್ಟಿದಾಗಿನಿಂದ ಆ ಬಯಲನ್ನು ಹಾಗೆ ನೋಡಿರಲಿಲ್ಲ. "ಒಂದರೆ ಕಲ್ಲು ಕಾಣ್ತೈತೇನ್ರಿ ಇದರಾಗ? ಇದ ನಾವ ತಗಸಿದ್ದಲ್ಲ. ನಿಮ್ಮೂರ ಹುಡುಗಿ ಮಾಡಿದ್ದ ಅಂತ ಕೇಳೇನಿ, ಹೆಮ್ಮಿ ಪಡ್ರಿ."

ಶಮಾ, "ಅದು ಪಂಚಮಿ ದಿನದ್ದ್ರೀ, ಕುಣ್ಯಾಕಂತ ನಾವ ತಗದಿದ್ವಿ" ಎಂದಳು.

"ನೀವ ತಗದಿದ್ರಿ?" ಎಂದರು ಸಾಹೇಬರು. ಅವರ ದನಿಯಲ್ಲಿ ಕುಹಕವಿರಲಿಲ್ಲ. ಅರ್ಥವಾಗಲಿಲ್ಲ ಅಷ್ಟೇ. "ನಿಮ್ಮ ಗುರ್ತ ನೀವ ತಗದ್ರ ನಾ ಏನ ಮಾಡ್ಲಿ?"

ಊರ ಹೊರಗೆ ಹೊಸ ಕಟ್ಟೆ ಕಟ್ಟಿಸಿದ್ದಾರೆ, ಅಲ್ಲಿ ಹೋಗಿ ಕೂಡಿ ಎಂದರು. ಬೈಪಾಸು ದಾಟಿ, ಗಿರಾಕಿಗಿಂತ ನಾಯಿಗಳೇ ಹೆಚ್ಚು ಬರುವ ಜಾಗ. ನಾನು ದಸರೆಯವರೆಗೆ ಕೂತೆ. ಇಂಡಿ ಕಡೆಯಿಂದ ಬಂದ ಚಲೋ ನಿಂಬೆಹಣ್ಣು ಬುಟ್ಟಿಯಲ್ಲೇ ಕಪ್ಪಿಟ್ಟವು. ಶಮಾ ಬಳೆಯ ಪೆಟ್ಟಿಗೆ ಹೊತ್ತು ಬಸ್‌ಸ್ಟ್ಯಾಂಡಿನ ಮೆಟ್ಟಿಲ ಮೇಲೆ ಕೂಡುತ್ತಾಳೆ, ಎಬ್ಬಿಸಿದಾಗ ಏಳುತ್ತಾಳೆ, ಮತ್ತೆ ಕೂಡುತ್ತಾಳೆ. ರೇವವ್ವ ಈ ವಯಸ್ಸಿನಲ್ಲಿ ಓಣಿ ಓಣಿ ತಿರುಗಿ ಸೊಪ್ಪು ಮಾರುತ್ತಾಳೆ. ಕೂತು ಮಾರಿದವಳು ನಡೆದು ಮಾರುವುದೆಂದರೆ ಏನೆಂದು ಅವಳ ಕಾಲು ನೋಡಿದರೆ ತಿಳಿಯುತ್ತದೆ.

ಇನ್ನೊಂದು ಹೇಳಬೇಕು. ಅಗಸಿಯ ಗೋಡೆಗೆ ಬಣ್ಣದ ಚಿತ್ರ ಬರೆಸಿದ್ದಾರೆ. ನಿಮ್ಮ ಕುಣಿತದ ಚಿತ್ರವೇ. ಸೊಪ್ಪಿನ ಬುಟ್ಟಿ, ಬಳೆ, ಗಾಳಿಯಲ್ಲಿ ಹಾರುವ ನಿಂಬೆಹಣ್ಣು, ಫುಗಡಿ ಆಡುವ ಹೆಂಗಸರು. ನಡುವೆ ರೇವವ್ವ ಆಳೆತ್ತರಕ್ಕೆ ನಿಂತಿದ್ದಾಳೆ. ಚಿತ್ರದ ರೇವವ್ವನಿಗೆ ಹಲ್ಲು ಇವೆ. ಒಂದು ದಿನ ಬಿಸಿಲಿಗೆ ಸುಸ್ತಾಗಿ ಅವಳು ಬುಟ್ಟಿ ಇಳಿಸಿ ಆ ಗೋಡೆಯ ನೆರಳಿಗೆ ಕೂತಳಂತೆ. ಕಾವಲಿನವನು ಬಂದು, "ಆಯಿ, ಫೋಟೋ ಹೊಡಸ್ಕೋತಿದ್ರ ನಿಂತು ಹೊಡಸ್ಕೋರಿ. ಬುಟ್ಟಿ ಇಟ್ಟು ಕೂಡಬ್ಯಾಡ್ರಿ" ಎಂದನಂತೆ. ಅವಳು ಗೋಡೆ ತೋರಿಸಿ, "ಅಕಿ ಬುಟ್ಟಿ ಇಟ್ಕೊಂಡ ಕುಣ್ಯಾಕತ್ತಾಳಲ್ಲೋ, ಮದಲ ಅಕಿನ್ನ ಎಬ್ಬಸು" ಎಂದಳಂತೆ. ಊರವರು ಈಗಲೂ ಈ ಮಾತು ಹೇಳಿಕೊಂಡು ನಗುತ್ತಾರೆ. ರೇವವ್ವನೂ ನಕ್ಕಳು ಎನ್ನುತ್ತಾರೆ. ನಾನು ಕೇಳಲು ಹೋಗಲಿಲ್ಲ.

ಅವಳು ನನ್ನ ಜತೆ ಮಾತು ಬಿಟ್ಟಿಲ್ಲ. ಬಿಟ್ಟಿದ್ದರೆ ಹಗುರವಾಗುತ್ತಿತ್ತು. ನಾನು ಮಸೂತಿಗೆ ಹೊರಡುವ ಮುನ್ನ ಬಾಗಿಲಿಗೆ ಬಂದು ಒಂದು ಸಿವುಡು ಮೆಂತ್ಯ ಕೊಟ್ಟಳು. "ನಿನ್ನ ಕಥ್ಯಾಗ ಆ ದೇವಿಗೆ ಕಲ್ಲು ಕಾದು ಕುಂತಿತ್ತಲ್ಲ ಶೇವಂತೀ," ಎಂದಳು, "ಅಕಿ ಪುಣ್ಯೇವಂತಿ ಬಿಡು." ಅಷ್ಟೇ. ಅಂದಿನಿಂದ ನಾನು ಯಾರಿಗೂ ಕಥೆ ಹೇಳಿಲ್ಲ. ಹೊಲದಲ್ಲಿ ಹುಡುಗಿಯರು ಗಂಟು ಬೀಳುತ್ತಾರೆ, "ಅತ್ತಿ, ಒಂದ ಹೇಳ." ಮರೆತಿದ್ದೇನೆ ಎನ್ನುತ್ತೇನೆ.

ನಿನ್ನ ಕುಣಿತಕ್ಕೆ ಎಲ್ಲೆಲ್ಲಿಂದಲೋ ಹೊಗಳಿಕೆ ಬಂದಿದೆ ಎಂದೆ. "ಎಷ್ಟ ಮಂದಿ ನೋಡ್ಯಾರ ಗೊತ್ತೇನವ್ವಾ" ಎಂದೆ. ನನಗೆ ಸಂತೋಷವಿದೆ. ಸುಳ್ಳಲ್ಲ. ನನ್ನ ಮಗಳು ನಿಂಬೆಹಣ್ಣಿನ ಬುಟ್ಟಿಯ ನೆರಳಿನಿಂದ ಎದ್ದುಹೋಗಿ ಜಗತ್ತಿನ ಎದುರು ನಿಂತಿದ್ದಾಳೆಂದು ಎದೆ ಉಬ್ಬುತ್ತದೆ. ಆ ಹೊತ್ತಿಗೇ ಕೂಡಲು ನೆಲವಿಲ್ಲವೆಂದು ನೆನಪಾಗುತ್ತದೆ. ಎರಡೂ ಒಂದೇ ಎದೆಯಲ್ಲಿ ಇವೆ, ಒಂದನ್ನು ಎತ್ತಿ ಇನ್ನೊಂದನ್ನು ಇಡಲು ಬರುವುದಿಲ್ಲ.

ಬರುವ ಪಂಚಮಿಗೆ ಮಗಳಾಗಿ ಬಾ. ಉಂಡಿ ಕಟ್ಟುತ್ತೇನೆ, ಅಳ್ಳು ಹುರಿಯುತ್ತೇನೆ, ನಿನ್ನ ಗೆಳತಿಯರೆಲ್ಲ ಬಂದರೂ ರೊಟ್ಟಿಗೆ ಕೊರತೆಯಿಲ್ಲ. ಆದರೆ ಹೆಂಗಸರನ್ನು ನಾನು ಕೂಡಿಸುವುದಿಲ್ಲ. ಇಂಡಿಗೆ ಹೋಗಿ ಹೇಳುವುದಿಲ್ಲ, ಸಿಂದಗಿಗೆ ಹೋಗಿ ಹೇಳುವುದಿಲ್ಲ. ನೀವೇ ಹೋಗಿ ಕೇಳಿ, ಅವರು ಒಪ್ಪಿದರೆ ಕುಣಿಯಿರಿ. ಅಲ್ಲೂ ನೆಲದಲ್ಲಿ ಯಾರದೋ ಕಲ್ಲಿರುತ್ತದೆ, ಯಾರದೋ ಗೂಟ, ಯಾರದೋ ಗೋಣಿತಟ್ಟು. ಅವುಗಳ ನಡುವೆಯೇ ಕುಣಿಯಿರಿ. ಬೆರಳು ಒಡೆದರೆ ಒಡೆಯಲಿ. ಚಿತ್ರ ಚಂದ ಬರದಿದ್ದರೆ ಬರದಿರಲಿ. ಉಗುರು ಮತ್ತೆ ಬರುತ್ತದೆ, ಶಮಾಳಿಗೂ ಬಂದಿದೆ.

ಇಷ್ಟು ಕಟುವಾಗಿ ಬರೆದೆನೆಂದು ಊಟ ಬಿಡಬೇಡ. ನಿನ್ನ ಕಾಲಿಗೆ ಬಲ ಬರಲಿ, ನಿನಗೆ ನಿಲ್ಲಲು ಯಾವಾಗಲೂ ಒಂದಿಷ್ಟು ನೆಲ ಸಿಗಲಿ, ನಿನ್ನ ಕೈ ಹಿಡಿದು ತಿರುಗುವವರು ನಡುವೆ ಬಿಡದಿರಲಿ. ನೂರು ವರ್ಷ ಬಾಳು.

ನಿನ್ನ ಅವ್ವ,
ಶೇವಂತೆವ್ವ

ತಾ.ಕ.: ಕಚೇರಿಯ ಮಾತನ್ನು ಮೇಲೆ ಪೂರ್ತಿ ಬರೆದಿಲ್ಲ. ಬರೆಯದೆ ಲಕೋಟೆ ಅಂಟಿಸಲು ಹೋದೆ, ಆಗಲಿಲ್ಲ. ಚಿತ್ರ ತೋರಿಸಿದ ಮೇಲೆ ಸಾಹೇಬರು ನಿಮ್ಮ ವಿಡಿಯೋವನ್ನು ದನಿ ಹಚ್ಚಿ ಕೇಳಿಸಿದರು. ಒಬ್ಬಳು ಹೆಣ್ಣುಮಗಳು ಮಾತಾಡುತ್ತಿದ್ದಳು: "ಊರಿನ ನಡುವೆ ಒಂದು ಬಯಲಿತ್ತು. ಅಲ್ಲಿ ಯಾರೂ ಇರಲಿಲ್ಲ. ಆ ಖಾಲಿ ಜಾಗಕ್ಕೆ ನಾವು ಮೊದಲ ಸಲ ಜೀವ ತುಂಬಿದೆವು." ತೊಳೆದಿಟ್ಟಂತಹ ಕನ್ನಡ. ನಮ್ಮ ಕಡೆಯ ಒಂದು ಮಾತೂ ಅದರಲ್ಲಿ ಇರಲಿಲ್ಲ. "ಎಷ್ಟ ಚಂದ ಮಾತಾಡ್ತಾಳ ಅಕ್ಕಾ, ಟೀವಿಯಾಕಿ ಇರಬೇಕ" ಎಂದಳು ಶಮಾ. ನಿನಗೆ ಮಾತು ಕಲಿಸಿದ ಹೆಂಗಸರು ಅಲ್ಲಿ ಸಾಲಾಗಿ ಕೂತಿದ್ದರು, ಒಬ್ಬರಿಗೂ ಗುರುತು ಹತ್ತಲಿಲ್ಲ. ನನಗೆ ಮೊದಲ ಮಾತಿಗೂ ಮೊದಲೇ ಹತ್ತಿತು. ಮಾತು ಶುರು ಮಾಡುವ ಮುಂಚೆ ನೀನು ಉಸಿರು ಎಳೆದುಕೊಳ್ಳುವುದು ಕೇಳಿಸಿತ್ತು. ರೇವವ್ವ ಸಾಹೇಬರಿಗೆ ಕೈ ಮುಗಿದು, "ಯಪ್ಪಾ, ಅಕಿ ಯಾರದಾಳ, ಅಕೀಗೊಂದ ಮಾತ ಹೇಳಸ್ರಿ, ನಾವ ಅಲ್ಲೇ ಇದ್ವಿ ಅಂತ" ಎಂದಳು. ಆಮೇಲೆ ನನ್ನ ಮೊಳಕೈ ಹಿಡಿದು ಅಲುಗಾಡಿಸಿದಳು. "ಶೇವಂತೀ, ನಿನಗರೆ ಗೊತ್ತೇನ, ಯಾರ ಅಕಿ?"

"ಗೊತ್ತಿಲ್ಲ ಆಯಿ" ಎಂದೆ.